ರೋಹಿಣಿಯ ಸೀರೆಗೆ ಬಣ್ಣ ಬಳಿದವರು

ಚಂಪಾ ಕುಕ್ಕರಿನ ಕೂಗಿಗೆ ಕಾಯುತ್ತಾ ಬೀನ್ಸ್ ಹೆಚ್ಚುತ್ತಿದ್ದಾಗ ಕರೆಗಂಟೆ ಬಿಡದೆ ಬಡಿದುಕೊಂಡಿತು. ಬಾಗಿಲಲ್ಲಿ ಪಕ್ಕದ ಮನೆಯ ವಿಸ್ಮಯಾ ನಿಂತಿದ್ದಳು. ಕೂದಲು ಬಿಚ್ಚಿಹೋಗಿತ್ತು. ಬಲಗೈಯ ತೋರುಬೆರಳನ್ನು ಸುಟ್ಟುಕೊಂಡವಳಂತೆ ಎತ್ತಿ ಹಿಡಿದಿದ್ದಳು. ಬೆರಳಿನ ಸುತ್ತ, ಉಂಗುರ ತೊಡಿಸಿದಂತೆ, ಹಸಿರು ಬಣ್ಣ ಒಣಗಿತ್ತು.

"ಆಂಟಿ ಇದಾರಾ? ನಾನೇನೋ ಮಾಡ್ಬಿಟ್ಟಿದೀನಿ ಚಂಪಾ. ಮಾಡಿದ್ದು ನೆನಪೇ ಇಲ್ಲ."

ಚಂಪಾಳ ಅತ್ತೆ ಸರೋಜಮ್ಮ ಮೈಸೂರಿನಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾಗಿ ಮಗನ ಮನೆಗೆಂದು ಪೆನಾಂಗಿನ ಬಯಾನ್ ಲೆಪಾಸಿಗೆ ಬಂದ ಮೇಲೂ ಅಪಾರ್ಟ್‌ಮೆಂಟಿನ ಕನ್ನಡದವರು ಅವರಿಗೆ ಬಿಡುವು ಕೊಟ್ಟಿರಲಿಲ್ಲ. ಯಾರ ಬಳೆ ಕಾಣೆಯಾದರೂ, ಯಾರ ಕಾರಿಗೆ ಗೀರು ಬಿದ್ದರೂ ಅವರೇ ಬೇಕು. ಅವರ ಬೆನ್ನಿಗೆ ಚಂಪಾ.

"ಒಲೆ ಆರಿಸಿ ಬಾ," ಎಂದು ಸರೋಜಮ್ಮ ಚಪ್ಪಲಿ ಮೆಟ್ಟಿದರು.

ವಿಸ್ಮಯಾಳ ಮನೆಯ ಹಜಾರದ ತುಂಬ ಸಿನಿಮಾದ ದೀಪಗಳಿದ್ದವು. ಸಂಘದ ವಾರ್ಷಿಕೋತ್ಸವಕ್ಕೆ ತೋರಿಸಲೆಂದು ಪೆನಾಂಗಿನ ಕನ್ನಡಿಗರು ಸೇರಿ ಒಂದು ಕಿರುಚಿತ್ರ ತೆಗೆಯುತ್ತಿದ್ದರು. ಹಳೆಯ ಕಾಲದ ಕಪ್ಪು ಬಿಳುಪು ಚಿತ್ರಗಳ ರೀತಿಯ ಕೊಲೆಯ ಕತೆ. ತನ್ನ ಕೈ ಮಾಡಿದ್ದು ತನಗೇ ಗೊತ್ತಾಗದ ರೋಹಿಣಿ ಎಂಬವಳೇ ಅದರ ನಾಯಕಿ. ಆ ಪಾತ್ರ ವಿಸ್ಮಯಾಳಿಗೆ ಸಿಕ್ಕಿದಾಗ ಹಲವರಿಗೆ ಹೊಟ್ಟೆಯುರಿದಿತ್ತು. ಪ್ರತಿ ವರ್ಷ ನಾಟಕದ ನಾಯಕಿಯಾಗುತ್ತಿದ್ದ ನವ್ಯಾಳಿಗೆ ಈ ಸಲ ನರ್ಸಿನ ಪಾತ್ರ. ಚಂಪಾಳೂ ಕೇಳಿಕೊಂಡಿದ್ದಳು, ಅವಳ ಪಾಲಿಗೆ ಬಂದದ್ದು ಎಲ್ಲರಿಗೂ ಚಹಾ ಮಾಡುವ ಕೆಲಸ.

ಕೊನೆಯ ದೃಶ್ಯದ ಬಿಳಿ ಸೀರೆಯನ್ನು ಹಜಾರದ ಸ್ಟ್ಯಾಂಡಿಗೆ ಇಳಿಬಿಟ್ಟಿದ್ದರು. ಅದರ ತುಂಬ ಬಣ್ಣ. ಕೆಂಪು, ಹಸಿರು, ಎಲ್ಲಕ್ಕಿಂತ ಹೆಚ್ಚಾಗಿ ಹಳದಿ. ಕೆಳಗಿನ ಅಂಚಿನಿಂದ ಹಿಡಿದು ಸರೋಜಮ್ಮನ ಎದೆಮಟ್ಟದ ಎತ್ತರದವರೆಗೂ ಬಳಿದಿದ್ದರು. ಅದರ ಮೇಲೆ ಬಿಳಿ ಬಿಳಿಯಾಗೇ ಉಳಿದಿತ್ತು. ಕೆಳಗೆ ವಿಸ್ಮಯಾಳ ಆರು ವರ್ಷದ ಮಗಳು ಅನನ್ಯಳ ಬಣ್ಣದ ಬಾಟಲಿಗಳು ಉರುಳಿದ್ದವು. ಕಪ್ಪು ಬಣ್ಣದ್ದು ಮಾತ್ರ ಮುಚ್ಚಳ ತೆಗೆಯದೆ ನಿಂತಿತ್ತು.

ಗಂಡ ಉಲ್ಲಾಸ್ ಆಗಷ್ಟೇ ನಿರ್ದೇಶಕ ಗುರುದತ್ ಜೊತೆ ಮಾಮಾಕ್ ತಿಂಡಿ ಅಂಗಡಿಯಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಿದ್ದ. ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು.

"ಮುಚ್ಚಿಡೋದೇನಿದೆ ಆಂಟಿ? ಪಾತ್ರ ತಲೆಗೆ ಹತ್ತಿದೆ. ಒಲೆ ಮೇಲಿನ ಹಾಲು ಮರೀತಾಳೆ. ಮೊನ್ನೆ ಸ್ಕೂಲ್ ಬಸ್ ಬಂದ್ರೂ ಕೆಳಗೆ ಹೋಗ್ಲಿಲ್ಲ, ಮಗು ಗಾರ್ಡ್ ಹತ್ರ ಅಳ್ತಾ ಕೂತಿತ್ತು. ಭಾನುವಾರ ಇವಳನ್ನ ಮೈಸೂರಿಗೆ ಕಳಿಸ್ತೀನಿ, ಟಿಕೆಟ್ ಮಾಡಿಸಿದೀನಿ. ಅನು ನನ್ನ ಹತ್ರ ಇರ್ತಾಳೆ."

ವಿಸ್ಮಯಾ ಗೋಡೆಗೆ ಒರಗಿದಳು. "ಮಧ್ಯಾಹ್ನ ಅನು ಜೊತೆ ಮಲಗಿದ್ದೆ. ಎದ್ದು ನೋಡಿದ್ರೆ ಹೀಗೆ. ನಾನೇ ಮಾಡಿದ್ರೆ ಕಳಿಸ್ಲಿ ಆಂಟಿ. ಆದ್ರೆ ನಾನೇನಾ ಅಂತ ಹೇಳಿ. ಮಗು ಪಕ್ಕದಲ್ಲಿ ಮಲಗೋಕೆ ನನಗೇ ಭಯ ಆಗ್ತಿದೆ."

"ಆಗ ಮನೇಲಿ ಬೇರೆ ಯಾರಿದ್ರು?"

"ನಾವು ಹೊರಡೋವಾಗ ನವ್ಯಾ ಹಾಲಲ್ಲಿದ್ಲು," ಎಂದ ಗುರುದತ್.

"ಪೂಲ್ ಹತ್ರ ಹೋಗಿ ಮಾತು ಬಾಯಿಪಾಠ ಮಾಡ್ತಿದ್ದೆ!" ದೀಪಗಳ ಹಿಂದೆ ನಿಂತಿದ್ದ ನವ್ಯಾ ಸಿಡಿದಳು. "ಎಲ್ಲಾ ನನ್ನನ್ನೇ ಯಾಕೆ ನೋಡ್ತೀರಾ? ಹೊಟ್ಟೆಕಿಚ್ಚು ನನಗೊಬ್ಳಿಗೇನಾ ಇದ್ದಿದ್ದು? ಗುರುದತ್ ಇವಳನ್ನ ಹೊಗಳೋವಾಗ ಉಲ್ಲಾಸ್ ಮುಖ ನೋಡ್ಬೇಕಿತ್ತು, ಹರಳೆಣ್ಣೆ ಕುಡಿದ ಹಾಗೆ."

ಉಲ್ಲಾಸ್ ಮುಖ ಕೆಂಪಾಯಿತು. ನವ್ಯಾಳೇ ಮಾಡಿರಬೇಕು, ಅವಳೇ ಆಗಿರಲಿ ಎಂದು ಚಂಪಾಳ ಮನಸ್ಸು ಒಳಗೊಳಗೇ ಹಂಬಲಿಸಿತು.

"ಚಂಪಾ, ಮಗು ನೋಡ್ಕೊಂಡು ಬಾ," ಎಂದರು ಸರೋಜಮ್ಮ.

ಅನನ್ಯ ಬಚ್ಚಲುಮನೆಯಿಂದ ಹೊರಬರುತ್ತಿದ್ದಳು. ಚಂಪಾ ಬಿಸ್ಕತ್ತು ಕೊಡಹೋದರೆ ಮಗುವಿನ ಕೈ ತೊಯ್ದು ತೊಪ್ಪೆಯಾಗಿತ್ತು, ಘಮ್ಮೆಂದು ಸೋಪಿನ ವಾಸನೆ. "ಜಾಣೆ, ಹೇಳದೇನೇ ಕೈ ತೊಳ್ಕೊಂಡಿದೀಯಲ್ಲ!" ಎಂದು ಎತ್ತಿಕೊಂಡು ಬಂದಳು. ಮಗು ಬಿಸ್ಕತ್ತು ಮುಟ್ಟಲಿಲ್ಲ. ಕೆಳಗಿಳಿದು ಸೋಫಾದ ಹಿಂದೆ ಸೇರಿಕೊಂಡಿತು. ಚಂಪಾ ಅತ್ತೆಯ ಕಿವಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

"ಗುರುದತ್, ನಿನ್ನೆ ತೆಗೆದಿದ್ದು ತೋರ್ಸಪ್ಪ," ಎಂದರು ಸರೋಜಮ್ಮ.

ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ರೋಹಿಣಿ ಬಂದಳು. ಬಿಳಿಚಿದ ಮುಖ, ಕಪ್ಪು ತುಟಿ, ಕಪ್ಪು ಕುಂಕುಮ. ಅವಳು ನೇರ ಮುಂದೆ ನೋಡುತ್ತಾ ಹೇಳಿದಳು: "ನನಗೆ ಮಗಳೇ ಇಲ್ಲ. ಯಾರ ಮಗು ಇದು?"

"ಸೂಪರ್ ಶಾಟ್ ಆಂಟಿ. ನಿನ್ನೆ ಎಲ್ಲಾ ಕೂತು ನಾಲ್ಕೈದು ಸಲ ನೋಡಿದ್ವಿ," ಎಂದ ಗುರುದತ್.

"ಈಗ ಕ್ಯಾಮೆರಾನ ಸೀರೆ ಕಡೆ ತಿರುಗ್ಸು."

ಪರದೆಯಲ್ಲಿ ಕೆಂಪು ಕಪ್ಪಾಯಿತು, ಹಸಿರು ಬೂದಿಯಾಯಿತು. ಹಳದಿ ಬಿಳಿಯೊಳಗೆ ಕರಗಿ ಇಲ್ಲವಾಯಿತು.

"ಎಲ್ಲಾ ಕೂತ್ಕೊಳ್ಳಿ," ಎಂದರು ಸರೋಜಮ್ಮ. "ನಾನು ಕೋಪ ಮಾಡ್ಕೊಳ್ಳಲ್ಲ, ನೀವೂ ಮಾಡ್ಕೊಬಾರ್ದು. ಸಿನಿಮಾ ಕೆಡಿಸ್ಬೇಕು ಅನ್ನೋರು ಬಿಳಿ ಸೀರೆಗೆ ಹಳದಿ ಬಳೀತಾರಾ? ಕ್ಯಾಮೆರಾಗೆ ಅದು ಕಾಣಲ್ಲ ಅಂತ ಇಲ್ಲಿ ಕೆಲಸ ಮಾಡಿದ ದೊಡ್ಡೋರಿಗೆಲ್ಲ ಗೊತ್ತು. ಕೆಡಿಸೋಕೆ ಕಪ್ಪು ಸಾಕಾಗಿತ್ತು. ಕಪ್ಪು ಬಾಟಲಿ ಮುಚ್ಚಳಾನೇ ತೆಗ್ದಿಲ್ಲ. ಅಂದ್ರೆ ಇದು ಕೆಡಿಸಿದ್ದಲ್ಲ. ಕಪ್ಪು ಬಿಳುಪಿಗೆ ಬಣ್ಣ ತುಂಬಿದ್ದು. ಮಾಡಿದೋರಿಗೆ ವಿಸ್ಮಯಾ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ರೋಹಿಣಿ ಮೇಲೆ."

"ಹಾಗಾದ್ರೆ ನನ್ನ ಬೆರಳಿಗೆ ಹೇಗೆ ಬಂತು?" ವಿಸ್ಮಯಾ ಬೆರಳನ್ನು ಮುಂದೆ ಚಾಚಿದಳು.

"ಬಣ್ಣ ಬಳಿದ ಕೈ ಆದ್ರೆ ಉಗುರಲ್ಲಿ ಇರ್ಬೇಕು, ಅಂಗೈಯಲ್ಲಿ ಇರ್ಬೇಕು. ನಿನಗೆ ಬೆರಳಿನ ಸುತ್ತ ಮಾತ್ರ ಇದೆ. ಸೀರೆಯ ಬಣ್ಣವೂ ನನ್ನ ಎದೆಮಟ್ಟ ದಾಟಿಲ್ಲ, ಅಷ್ಟೇ ಎತ್ತರಕ್ಕೆ ಎಟುಕಿದೆ. ನೀನು ಎದ್ದು ಓಡಿಬಂದ ಮೇಲೆ ಯಾರೋ ಹೇಳದೇನೇ ಸೋಪು ಹಾಕಿ ಕೈ ತೊಳ್ಕೊಂಡಿದಾರೆ." ಸರೋಜಮ್ಮ ದನಿ ತಗ್ಗಿಸಿದರು. "ನಿನ್ನ ಬೆರಳು ಹಿಡ್ಕೊಂಡು ಮಲಗೋರು ಯಾರಮ್ಮ?"

ಸೋಫಾದ ಹಿಂದಿನಿಂದ ಬಿಕ್ಕಳಿಕೆ ಕೇಳಿತು.

"ದಟ್ ಲೇಡಿ ಡಸಂಟ್ ನೋ ಮಿ," ಎಂದು ಇಲ್ಲಿನ ಶಾಲೆಯ ಇಂಗ್ಲಿಷಿನಲ್ಲೇ ಹೇಳುತ್ತಾ ಅನನ್ಯ ಹೊರಗೆ ಬಂದಳು. "ಎವೆರಿಡೇ ಅಮ್ಮ ಬಿಕಮ್ಸ್ ದಟ್ ಲೇಡಿ. ಸೋ ಐ ಪುಟ್ ಕಲರ್. ಪಪ್ಪಾ, ಡೋಂಟ್ ಸೆಂಡ್ ಅಮ್ಮ ಲಾ. ಇಟ್ ವಾಸ್ ಮಿ."

ವಿಸ್ಮಯಾ ನೆಲದ ಮೇಲೆ ಕುಸಿದು ಮಗಳನ್ನು ಬಾಚಿ ತಬ್ಬಿದಳು. ಅವಳು ಅತ್ತದ್ದು ತನಗೆ ಹುಚ್ಚಿಲ್ಲವೆಂಬ ನೆಮ್ಮದಿಗೋ, ಮಗಳ ಮಾತಿಗೋ, ಚಂಪಾಳಿಗೆ ತಿಳಿಯಲಿಲ್ಲ.

ಉಲ್ಲಾಸ್ ರೊಟ್ಟಿಯ ಪೊಟ್ಟಣ ಕೆಳಗಿಟ್ಟ. "ಹಾಲು ಉಕ್ಕಿದ್ದಕ್ಕೆ ಯಾರೂ ಟಿಕೆಟ್ ಮಾಡಿಸಲ್ಲ. ನನಗೆ ಈ ಸಿನಿಮಾ ನಿಲ್ಬೇಕಿತ್ತು. ಎಲ್ಲರೂ ಅವಳನ್ನೇ ನೋಡೋದು ನನಗೆ ಆಗ್ತಿರ್ಲಿಲ್ಲ."

"ನನಗೆ ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ, ಉಲ್ಲಾಸ್," ಎಂದಳು ವಿಸ್ಮಯಾ. "ಭಾನುವಾರ ನಾನೆಲ್ಲೂ ಹೋಗಲ್ಲ."

ಅವನು ಅಲ್ಲೇ ಫೋನು ತೆಗೆದು ಟಿಕೆಟ್ ರದ್ದು ಮಾಡಿದ. ಚಂಪಾ ಎದ್ದು ನವ್ಯಾಳಿಗೆ ಚಹಾ ತಂದುಕೊಟ್ಟಳು; ಮುಖ ಕೊಟ್ಟು ನೋಡಲು ಮಾತ್ರ ಆಗಲಿಲ್ಲ. "ಸಕ್ಕರೆ ಜಾಸ್ತಿ ಬಿದ್ದಿದೆ ಕಣೇ, ಏನು ತಪ್ಪು ಮಾಡಿದೀಯಾ?" ಎಂದು ನವ್ಯಾ ನಕ್ಕಾಗ ಚಂಪಾಳಿಗೆ ಉಸಿರು ಬಂತು.

ಮರುದಿನ ಬೆಳಿಗ್ಗೆ ಕೊನೆಯ ದೃಶ್ಯ ತೆಗೆದರು. ಸೀರೆ ಬದಲಿಸಲಿಲ್ಲ, ಕೆಂಪು ಕಲೆ ಪರದೆಯಲ್ಲಿ ರಕ್ತದಂತೆಯೇ ಕಾಣುತ್ತದೆಂದು ಗುರುದತ್ ಖುಷಿಯಾಗಿದ್ದ. ಅನನ್ಯ ನವ್ಯಾಳ ತೊಡೆಯ ಮೇಲೆ ಕೂತು, ರೋಹಿಣಿ ಕಣ್ಣು ಮುಚ್ಚುವವರೆಗೂ ರೆಪ್ಪೆ ಮಿಟುಕಿಸದೆ ನೋಡಿದಳು.

"ಕಟ್!"

ವಿಸ್ಮಯಾ ಎದ್ದು ಪರದೆಯ ಕಡೆ ಹೋಗಲಿಲ್ಲ, ನೇರ ಮಗಳತ್ತ ಬಂದಳು. ಅನನ್ಯ ಕೈ ಅಡ್ಡ ಹಿಡಿದು ತಡೆದಳು.

"ವೇಟ್. ವಾಟ್ಸ್ ಮೈ ಟೀಚರ್ಸ್ ನೇಮ್?"

"ಮಿಸ್ ತಾನ್."

"ವಾಟ್ ಡು ಐ ಹೇಟ್?"

"ಹಾಗಲಕಾಯಿ. ಉಗುರು ಕತ್ತರಿಸೋದು. ಅಮ್ಮ ಬಸ್ಸಿಗೆ ಬರದೇ ಇರೋದು."

ಅನನ್ಯ ಇನ್ನೊಂದು ಕ್ಷಣ ಅವಳ ಮುಖವನ್ನೇ ಪರೀಕ್ಷಿಸಿದಳು. ಆಮೇಲೆ ಸರೋಜಮ್ಮನ ಕಡೆ ತಿರುಗಿ, ತನಿಖೆ ಮುಗಿಸಿದವಳಂತೆ, ತಲೆಯಾಡಿಸಿದಳು.

"ಓಕೆ ಅಜ್ಜಿ. ಇಟ್ಸ್ ಹರ್."