ನಲವತ್ತು ನಿಮಿಷದ ದೂರ

ನಮ್ಮೂರಿನ ವಿಮಾನ ನಿಲ್ದಾಣದಿಂದ ಅವಳೂರಿನದಕ್ಕೆ ನಲವತ್ತೇ ನಿಮಿಷ. ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಇಳಿಯುವ ಹೊತ್ತು. ಅದೇ ದೂರಕ್ಕೆ ರಸ್ತೆಯಲ್ಲಿ ಹೊರಟರೆ ಬೆಟ್ಟಗಳನ್ನು ಸುತ್ತಿ ಬಳಸಿ ಒಂದು ದಿನ ಬೇಕು, ಸೊಂಟ ಬಿದ್ದುಹೋಗುತ್ತದೆ.

ನಾನು ನಮ್ಮೂರಲ್ಲಿ ವಿಮಾನದ ಮೆಕ್ಯಾನಿಕ್, ಅವಳು ಅವಳೂರಲ್ಲಿ ಚೆಕ್-ಇನ್ ಕೌಂಟರಿನವಳು. ಸಿಬ್ಬಂದಿಗೆ ಪ್ರಯಾಣ ಬಿಟ್ಟಿ, ಆದರೆ ಸೀಟು ಖಾಲಿ ಉಳಿದರೆ ಮಾತ್ರ. ಯಾರೋ ಪುಣ್ಯಾತ್ಮ ತಡವಾಗಿ ಎದ್ದರೆ ನನಗೆ ಅವಳ ಮುಖ ಕಾಣುತ್ತಿತ್ತು. ಎರಡು ವರ್ಷದ ಪ್ರೀತಿ ಹೀಗೇ ನಡೆದಿತ್ತು.

ಆ ದಿನ ಕೊನೆಯ ವಿಮಾನ. ನಷ್ಟವೆಂದು ಕಂಪನಿ ಆ ಮಾರ್ಗವನ್ನೇ ನಿಲ್ಲಿಸುತ್ತಿತ್ತು. ಬೆಳಿಗ್ಗೆ ಅವಳೂರಿಗೆ ಬಂದ ನಾನು ಸಂಜೆ ಮರಳಲೇಬೇಕಿತ್ತು. ಮರುದಿನದ ಪಾಳಿ ತಪ್ಪಿಸಿದರೆ ಕೆಲಸದಿಂದ ತೆಗೆಯುತ್ತೇನೆಂದು ಮೇಲಧಿಕಾರಿ ಹೇಳಿಯಾಗಿತ್ತು.

ಕ್ಯಾಂಟೀನಿನಲ್ಲಿ ಕೂತು, "ಮುಂದೇನು ನಮ್ಮ ಕಥೆ?" ಎಂದು ಕೇಳಿದೆ.

"ನಿಮ್ಮಿಷ್ಟ."

"ನಿಂಗೆ ನಾನು ಬೇಕೋ ಬೇಡ್ವೋ?"

"ಸ್ಪ್ಯಾನರ್ ಸಾಹೇಬ್ರೇ, ಕಾಫಿ ಆರ್ತಾ ಇದೆ."

ಅಬ್ಬಾ, ಅವಳ ಬಿಗುಮಾನಕ್ಕೆ ಬೆಂಕಿ ಬೀಳಲಿ! ನನಗೆ ಮೈಯೆಲ್ಲ ಉರಿಯಿತು.

ಸಂಜೆ ಒಂದೇ ಸೀಟು ಉಳಿಯಿತು. ಅದನ್ನು ಕಾದಿರಿಸಿದ್ದವರು ಬಂದಿರಲಿಲ್ಲ. ಕೌಂಟರ್ ಮುಚ್ಚಿದರೆ ಅದು ನನಗೆ. ಮುಚ್ಚುವುದರಲ್ಲಿ ಅವಳು ಮಹಾ ಕಟ್ಟುನಿಟ್ಟು, ತಡವಾಗಿ ಬಂದ ಸ್ವಂತ ಚಿಕ್ಕಪ್ಪನನ್ನೇ ವಾಪಸು ಕಳಿಸಿದ ಗಟ್ಟಿಗಿತ್ತಿ. ಆದರೆ ಹೊತ್ತು ಮೀರಿದರೂ ಅವಳ ಕೈ ಏಳಲಿಲ್ಲ. ಕಣ್ಣೆತ್ತಿ ಒಮ್ಮೆ ನನ್ನನ್ನು ನೋಡಿದಳು, ತಕ್ಷಣ ಬಾಗಿಲ ಕಡೆ ತಿರುಗಿದಳು.

"ಮುಚ್ಚಲ್ವಾ?" ಎಂದು ಕೇಳಿದೆ.

"ಮುಚ್ತೀನಿ ಸರ್, ಇರಿ."

ಅಷ್ಟರಲ್ಲಿ ಒಬ್ಬಳು ಅಜ್ಜಿ ಏದುಸಿರು ಬಿಡುತ್ತಾ ಬಂದಳು. "ತಡ ಆಗೋಯ್ತು ತಾಯಿ, ಬಿಡ್ತೀಯಾ?"

"ಬನ್ನಿ ಅಜ್ಜಿ, ನಿಮಗೇ ಕಾಯ್ತಾ ಇದ್ದೆ."

ನನ್ನ ಸೀಟಿನ ಬೋರ್ಡಿಂಗ್ ಪಾಸ್ ಅಜ್ಜಿಯ ಕೈ ಸೇರಿತು. ಗಾಜಿನಾಚೆ ವಿಮಾನ ಏರಿ ಹೋಗುವುದನ್ನು ಪೆಚ್ಚುಮೋರೆ ಹಾಕಿಕೊಂಡು ನೋಡಿದೆ. ಆಮೇಲೆ ನೇರ ಕೌಂಟರಿಗೆ ಹೋದೆ.

"ಚಿಕ್ಕಪ್ಪನ ಮೇಲಿಲ್ಲದ ಕರುಣೆ ಈ ಅಜ್ಜಿ ಮೇಲೆ ಯಾಕೆ ಬಂತು?"

"ಅಜ್ಜಿಗೋಸ್ಕರ ಅಲ್ಲ."

"ನನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಗೊತ್ತು."

"ಬಾಯಿಬಿಟ್ಟು ಇರು ಅಂದಿದ್ರೆ ನಾನೇ ಉಳೀತಿದ್ನಲ್ಲೇ ಮಾರಾಯ್ತಿ!"

"ಕೇಳಿದ್ಮೇಲೂ ನೀವು ಹೋಗ್ಬಿಟ್ಟಿದ್ರೆ?"

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ನನ್ನ ಹೊಟ್ಟೆಪಾಡನ್ನು ನನ್ನನ್ನು ಕೇಳದೆಯೇ ಪಣಕ್ಕಿಟ್ಟಿದ್ದಳಲ್ಲ!

"ಬಸ್ಸಿದೆ. ಈಗ ಹೊರಟ್ರೆ ನಾಳೆ ಸಂಜೆಗಾದ್ರೂ ಮುಟ್ತೀನಿ. ನಮ್ಮ ಮೇಲಧಿಕಾರಿ ಕೈಕಾಲು ಹಿಡಿದು ನೋಡ್ತೀನಿ," ಎಂದು ಚೀಲ ಹೆಗಲಿಗೇರಿಸಿ ನಡೆದೆ.

ಹಿಂದೆ ಓಡಿ ಬಂದ ಹೆಜ್ಜೆ ಸದ್ದಾಯಿತು. ಸಾಮಾನು ಹೊರುವ ಲೋಡರುಗಳು, ಗಾರ್ಡು, ಅವಳ ಮ್ಯಾನೇಜರ್, ಎಲ್ಲರೂ ನೋಡುತ್ತಿದ್ದಂತೆಯೇ ಅವಳು ನನ್ನ ಚೀಲದ ಪಟ್ಟಿ ಹಿಡಿದು ನಿಂತಳು. ನಾಚಿಕೆಯಿಂದ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು.

"ಹೋಗ್ಬೇಡ," ಎಂದಳು. "ಈಗ ಕೇಳ್ತಾ ಇದ್ದೀನಿ. ಬಸ್ಸಿದೆ, ದಾರಿ ಇದೆ, ನಾನೇನೂ ತಡೆಯೋಕಾಗಲ್ಲ. ಆದ್ರೂ ಹೋಗ್ಬೇಡ ಕಣೋ."

ನಾಳೆ ಏನು ಎಂದು ಇಬ್ಬರಿಗೂ ತಿಳಿದಿರಲಿಲ್ಲ. ನಾನು ಚೀಲ ಕೆಳಗಿಟ್ಟೆ.