ಮೂರನೇ ಇಂಜೆಕ್ಷನ್

"ಆ ಇಂಜೆಕ್ಷನ್ ಮಾತ್ರ ಬೇಡ ಸಿಸ್ಟರ್... ನಿನ್ನೆ ಅದು ಬಿದ್ದ ಮೇಲೇ ನೋವು ಹೆಚ್ಚಾಯ್ತು!"

ಅವನು ಮಣಿಕಟ್ಟು ಹಿಡಿದ ರಭಸಕ್ಕೆ ಅವಳ ಕೈಯಲ್ಲಿದ್ದ ಟ್ರೇ ಅಲುಗಿತು. ಬೀಗ ರಿಪೇರಿಯವನ ಒರಟು ಬೆರಳುಗಳು. ನರ್ಸ್ ಆಗಿ ಆರು ವರ್ಷವಾಗಿದ್ದರೂ ಯಾವ ರೋಗಿಯ ನೋಟಕ್ಕೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಹೊಟ್ಟೆನೋವು ಎಂದು ಹೊರಳಾಡುತ್ತಿದ್ದ. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. "ಬರೀ ನಾಟಕ, ಮಲಗಿಸಿಬಿಡಿ," ಎಂದು ದೊಡ್ಡ ಡಾಕ್ಟರ್ ಬಾರ್ಬಿಟ್ಯುರೇಟ್ ಎಂಬ ನಿದ್ದೆಯ ಇಂಜೆಕ್ಷನ್ ಬರೆದಿದ್ದರು.

"ಚಿಕ್ಕ ಮಕ್ಕಳ ಹಾಗೆ ಆಡ್ಬೇಡಿ," ಎಂದು ಚುಚ್ಚಿದಳು.

ಮರುದಿನ ನೋವು ಇಮ್ಮಡಿ. ಆದರೂ ತಮಾಷೆ ಬಿಡಲಿಲ್ಲ.

"ನಿಮ್ಮ ನಗುವಿಗೆ ಬೀಗ ಜಡಿದೋರು ಯಾರು? ಹೇಳಿ, ಬಿಚ್ಚಿಕೊಡ್ತೀನಿ."

ಅವಳು ನಗು ನುಂಗಿದಳು. ಡ್ಯೂಟಿ ಮುಗಿದ ಮೇಲೂ ಆ ಹಾಸಿಗೆಯ ಬಳಿ ಸುಳಿಯಲು ನೆಪ ಹುಡುಕಿದಳು.

ಮತ್ತೆ ಇಂಜೆಕ್ಷನ್ ಕಂಡಾಗ ಅವನು ನಗಲಿಲ್ಲ. "ನಮ್ಮಮ್ಮಂಗೂ ಹೀಗೇ ಆಗ್ತಿತ್ತು. ಹುಚ್ಚಿ ಅಂತ ಮಲಗಿಸಿದ್ರು. ಏಳಲೇ ಇಲ್ಲ."

"ನಿಮ್ಮ ಒಳ್ಳೇದಕ್ಕೇ ಅಲ್ವಾ..." ಅವನ ಸಂಕಟ ನೋಡಲಾರದೆ, ಪ್ರೀತಿಯಿಂದಲೇ, ಮೂರನೆಯದನ್ನೂ ಕೊಟ್ಟಳು.

ಬೆಳಗಾದಾಗ ಅವನ ಕೈಗಳು ಮೇಲೇಳಲಿಲ್ಲ. ಅವಳನ್ನು ನೋಡಿ ಮುಖ ತಿರುಗಿಸಿಕೊಂಡ.

ಕಿಟಕಿಯ ಬಳಿ ಇಟ್ಟಿದ್ದ ಅವನ ಮೂತ್ರದ ಬಾಟಲಿ ಬಿಸಿಲಿಗೆ ಕಡುಗೆಂಪಾಗಿತ್ತು! ಅವಳು ಅದನ್ನು ಹಿಡಿದು ಲ್ಯಾಬಿಗೆ ಓಡಿದಳು.

ಪೋರ್ಫೈರಿಯಾ. ಹುಟ್ಟಿನಿಂದ ರಕ್ತದಲ್ಲೇ ಬಂದ ದೋಷ. ಅಂಥವರಿಗೆ ಬಾರ್ಬಿಟ್ಯುರೇಟ್ ಮದ್ದಲ್ಲ, ವಿಷ.

ದೊಡ್ಡ ಡಾಕ್ಟರ್ ನೆಲ ನೋಡುತ್ತಾ ಹೇಳಿದರು, "ಇದಕ್ಕಿರೋ ಔಷಧಿ ತರಿಸೋಕೆ ಆರು ದಿನ ಬೇಕು. ಅಷ್ಟು ದಿನ ಅವನು ತಡೆಯಲ್ಲಮ್ಮ."

ಕೈಗಳ ನಿಶ್ಶಕ್ತಿ ಈಗ ಎದೆಗೂ ಇಳಿದಿತ್ತು. ಅವನು ಒಂದೊಂದೇ ಉಸಿರನ್ನು ಎಳೆದು ತರುತ್ತಿದ್ದ.

"ನಾನೇ... ನನ್ನ ಕೈಯಾರೆ..." ಎಂದು ಅವಳು ಅವನ ಹಾಸಿಗೆಯ ಬಳಿ ಕೂತಳು.

"ಬರೆದಿದ್ದು ಅವರು. ನೀವು ನನ್ನ ಮಾತು ನಂಬಲಿಲ್ಲವಲ್ಲ... ಅದೊಂದೇ ಬೇಜಾರು."

"ಈಗ ಏನು ಹೇಳಿದ್ರೂ ನಂಬ್ತೀನಿ!"

"ನೀವಂದ್ರೆ ನಂಗೆ ಪ್ರಾಣ."

"ನಂಗೂ..." ಅವಳು ಬಿಕ್ಕಿದಳು.

ಉಸಿರಾಟದ ಯಂತ್ರವನ್ನು ತಳ್ಳಿಕೊಂಡು ಬಂದರು.

"ಗಂಟಲಿಗೆ ನಳಿಕೆ ಹಾಕಿದ್ಮೇಲೆ ಮಾತಾಡೋಕಾಗಲ್ಲ, ಅಲ್ವಾ?"

"ಇಲ್ಲ..."

"ಹಾಗಾದ್ರೆ ನೀವೇ ಮಾತಾಡ್ತಿರಿ. ನಿಮ್ಮ ಮನೇಲಿ ಯಾರ್‍ಯಾರಿದ್ದಾರೆ ಅಂತಾನೂ ನಂಗೆ ಗೊತ್ತಿಲ್ಲ."

ಹಿಡಿತವಿಲ್ಲದ ಆ ಕೈಯನ್ನು ಅವಳು ಎರಡೂ ಕೈಗಳಲ್ಲಿ ತುಂಬಿಕೊಂಡಳು.

"ನಾವು ಮೂರು ಜನ ಅಕ್ಕತಂಗೀರು. ನಾನು ನಡುವಿನವಳು. ಅಕ್ಕ ಇದ್ದಾಳಲ್ಲ, ಮಹಾ ಬಾಯಿಬಡುಕಿ..."