ಕಟಕಟೆಯಲ್ಲಿ ಕೇಳಿದ ಪ್ರೀತಿ

“ಈ ಹುಡುಗೀನ ನೀನು ಪ್ರೀತಿಸ್ತೀಯೋ, ಇಲ್ವೋ?”

ಕೇಳಿದ್ದು ಅವಳಲ್ಲ. ಅವಳ ಅಪ್ಪನೂ ಅಲ್ಲ. ಕಂಪನಿಯ ಲಾಯರು. ವಿಚಾರಣೆಗೆ ತುಂಬಿದ ಹಾಲ್‌ನಲ್ಲಿ, ಮೈಕ್ ಮುಂದೆ, ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದ. ಒಬ್ಬಳಿಗೆಂದೇ ನಾನು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತಿಗೆ ಆ ಬೋಳುತಲೆ ಕೈ ಹಾಕಿದ.

ಅವಳು ಎದುರಿನ ಬೆಂಚಿನಲ್ಲೇ ಕೂತಿದ್ದಳು. ಕೆನ್ನೆಗೆ ಕೂದಲು ಜಾರಿತ್ತು, ಸರಿಸಿಕೊಳ್ಳಲಿಲ್ಲ. ಅವಳೂ ಈ ಉತ್ತರಕ್ಕೇ ಕಾದಿದ್ದಳು, ಬಹಳ ದಿನದಿಂದ.

ನಾನು ಕಂಪನಿಯ ಲೈನ್‌ಮ್ಯಾನ್ ಆಗಿದ್ದವನು. ಊರಿನ ಇಂಟರ್‌ನೆಟ್ಟೆಲ್ಲ ಕಂಪನಿಯದು, ಕಂಬಗಳೂ ಅದರವೇ. ಆ ಕಂಬಗಳ ಮೇಲೆ ಬಾಡಿಗೆಗೆ ಉಳಿದಿದ್ದ ಒಂದೇ ಒಂದು ಬೇರೆ ವೈರು ನೆಟ್ ಕನೆಕ್ಷನ್ ಕೊಡುವ ಅವಳ ಅಪ್ಪನ ಪುಟ್ಟ ಅಂಗಡಿಯದು. “ಕತ್ತರಿಸಬೇಡ, ಕೇಸಾಗುತ್ತೆ. ಬಗ್ಗಿಸು” ಅನ್ನುತ್ತಿದ್ದ ನಮ್ಮ ಸೂಪರ್‌ವೈಸರ್. ಗಾಜಿನೆಳೆಯ ವೈರನ್ನು ಬಿಗಿಯಾಗಿ ಮಡಚಿ ಟೇಪ್ ಸುತ್ತಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ. ಕೆಳಗಿನಿಂದ ನೋಡಿದವರಿಗೆ ವೈರು ಸುಖವಾಗಿದೆ. ಗಿರಾಕಿ ಮಾತ್ರ ನೆಟ್ ಇಲ್ಲವೆಂದು ಅಂಗಡಿಯವರನ್ನು ಬೈದು ಕಂಪನಿಗೆ ಬರುತ್ತಾನೆ.

ಹಾಗೆ ಬಗ್ಗಿಸುತ್ತಿದ್ದಾಗಲೇ ಅವಳು ಕಂಬದ ಬುಡಕ್ಕೆ ಬಂದು ನಿಂತದ್ದು.

“ಏಯ್ ಕೋತಿ, ನಮ್ಮ ವೈರಿನ ಸೊಂಟ ಮುರೀತಿದ್ದೀಯಾ?”

“ಇಲ್ಲ ಮೇಡಂ, ನೆಟ್ಟಗೆ ಮಾಡ್ತಿದ್ದೀನಿ.”

“ಹೌದಾ? ಮಾಡು ಹಾಗಾದ್ರೆ. ಆಮೇಲೆ ಏಣಿ ಕೊಡ್ತೀನಿ.”

ಏಣಿ ಎಳೆದುಕೊಂಡು ಹೋಗಿ ನೆರಳಲ್ಲಿ ನಿಂತೇಬಿಟ್ಟಳು. ಕಂಬ ತಬ್ಬಿಕೊಂಡು ನಾನು ಟೇಪ್ ಬಿಚ್ಚಿದೆ. ಅವಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಅಷ್ಟು ಎತ್ತರದಿಂದಲೂ ಕಾಣಿಸಿತು.

ಆಮೇಲೆ ಸಂಜೆಯೆಲ್ಲ ಆ ಅಂಗಡಿಯಲ್ಲೇ. “ಬಂತಪ್ಪ ಕೋತಿ” ಅನ್ನಿಸಿಕೊಳ್ಳಲಿಕ್ಕೇ ಹೋಗುತ್ತಿದ್ದೆ. ಬಂದ ಗಿರಾಕಿಗೇ “ಇವತ್ತು ನಮ್ಮ ನೆಟ್ ಸರಿಯಿಲ್ಲ” ಎಂದು ಹೇಳಿ ಕಳಿಸುವವಳು ಅವಳು. “ಹರಿಶ್ಚಂದ್ರನ ಮೊಮ್ಮಗಳು, ಅಂಗಡಿ ಮುಳುಗಿಸ್ತಾಳೆ” ಎಂದು ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ.

ಮಾರುಕಟ್ಟೆಯನ್ನೆಲ್ಲ ಒಬ್ಬರೇ ನುಂಗುವ ಕಂಪನಿಗಳನ್ನು ಒಡೆಯಲು ಸರ್ಕಾರದ ಆಯೋಗವೊಂದಿದೆ. ಅದು ನಮ್ಮ ಕಂಪನಿಯ ಮೇಲೆ ಕೇಸು ಹಾಕಿತು. ಬಗ್ಗಿಸಿದ್ದು ನಿಜ ಎಂದು ಹೇಳಲು ಮುಂದೆ ಬಂದ ಲೈನ್‌ಮ್ಯಾನ್ ನಾನೊಬ್ಬನೇ. ಮಿಕ್ಕವರಿಗೆಲ್ಲ ಬಾಯಿಗೆ ಬೀಗ. ನನ್ನ ಕೆಲಸ ಹೋಯಿತು. ಹಾಳಾಗಿ ಹೋಗಲಿ. ಆದರೆ ನಾನು ಕುಸಿದರೆ ಕೇಸು ಕುಸಿದಂತೆ, ಅವಳ ಅಂಗಡಿ ಮುಚ್ಚಿದಂತೆ. ಆಯೋಗದ ಲಾಯರಮ್ಮ ಮೊದಲೇ ಹೇಳಿದ್ದರು: “ಪ್ರೀತಿ ಅಂದ್ಯೋ, ನಿನ್ನ ಸಾಕ್ಷಿ ಸತ್ತ ಹಾಗೆ. ಹುಡುಗಿಗೋಸ್ಕರ ಕಥೆ ಕಟ್ಟಿದ ಅಂತಾರೆ.”

“ಇಲ್ಲ” ಎಂದೆ ಬೋಳುತಲೆಗೆ.

“ಮತ್ತೆ ದಿನಾ ಸಂಜೆ ಅಲ್ಲಿ ಏನಪ್ಪ ಕೆಲಸ?”

“ಫ್ಯಾನ್ ಚೆನ್ನಾಗಿದೆ ಸಾರ್.”

ಹಾಲ್ ನಕ್ಕಿತು. ಬೋಳುತಲೆ ಬಿಡಲಿಲ್ಲ. “ಫ್ಯಾನಾ? ಹುಡುಗಿಯಾ?”

“ಅವಳೇ ಮೇಲೆ ಬೀಳ್ತಿದ್ಲು ಸಾರ್. ನಾನು ಬೇಡ ಅನ್ನಲಿಲ್ಲ, ಅಷ್ಟೇ.”

ಈಗ ಇನ್ನೂ ಜೋರಾಗಿ ನಕ್ಕರು. ಅವಳ ಅಪ್ಪ ನೆಲ ನೋಡಿದ. ನಕ್ಕವರ ಹಲ್ಲು ಉದುರಿಸಬೇಕೆಂದು ಕೈ ತುರಿಸಿತು. ಕಟಕಟೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಊಟದ ಬಿಡುವಿನಲ್ಲಿ ಕಾರಿಡಾರ್‌ನ ನೀರಿನ ನಲ್ಲಿ ಹತ್ತಿರ ಅವಳು ಹಿಡಿದು ನಿಲ್ಲಿಸಿದಳು.

“ಲಾಯರಮ್ಮ ಹೇಳಿಕೊಟ್ಟಿದ್ದು ತಾನೇ? ಸುಳ್ಳು ತಾನೇ ಅದು, ಕೋತಿ?”

ಕಣ್ಣ ತುದಿಯಲ್ಲಿ ಒಂಚೂರು ನಗು ಇನ್ನೂ ಉಳಿದಿತ್ತು. ಅದನ್ನು ನಾನು ಕೊಲ್ಲಬೇಕಿತ್ತು. ಮಧ್ಯಾಹ್ನ ಅವಳದೇ ಸಾಕ್ಷಿ. ಸುಳ್ಳೆಂದು ಗೊತ್ತಾದರೆ ಅವಳು ಬಾಯಿ ಬಿಡುವ ಮುಂಚೆ ಮುಖವೇ ಎಲ್ಲ ಒದರುತ್ತದೆ.

“ನಿಜಾನೇ. ಯಾವತ್ತೂ ಕನ್ನಡಿ ನೋಡ್ಕೊಂಡಿಲ್ವಾ ನೀನು?”

ನಗು ಹೋಯಿತು. ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಒಳಗೆ ನಡೆದಳು.

“ಈ ಹುಡುಗ ನಿನಗೆ ಏನಾಗಬೇಕಮ್ಮ?” ಬೋಳುತಲೆ ಬೆಣ್ಣೆಯ ದನಿಯಲ್ಲಿ ಕೇಳಿದ.

“ಏನೂ ಆಗಬೇಕಿಲ್ಲ.”

“ಮನಸ್ಸಲ್ಲಿ?”

ಅವಳು ತಿರುಗಿ ನನ್ನನ್ನು ನೋಡಿದಳು. “ಬೇಡ. ಇವನು ನನಗೆ ಬೇಡ.”

ಆ ಮುಖ ನೋಡಿದ ಯಾರಿಗೂ ಅನುಮಾನ ಉಳಿಯಲಿಲ್ಲ. ಬೋಳುತಲೆ ಕೂತ.

ಕೇಸು ಗೆದ್ದೆವು. ಕಂಪನಿಯನ್ನು ಎರಡು ಹೋಳು ಮಾಡಿದರು, ಕಂಬಗಳು ಎಲ್ಲರ ಪಾಲಾದವು. ಕಂಪನಿಯ ಮೇಲ್ಮನವಿ ಮುಗಿಯುವವರೆಗೆ ಆ ಬೀದಿಗೆ ಕಾಲಿಡಬೇಡ ಎಂದರು ಲಾಯರಮ್ಮ. ಇಡಲಿಲ್ಲ. ಅದೂ ವಜಾ ಆಯಿತೆಂದು ಕೇಳಿದ ಬೆಳಗ್ಗೆ, ಹಗ್ಗ ಬಿಚ್ಚಿದ ಕರುವಿನಂತೆ ಓಡಿದೆ.

ಅಂಗಡಿ ದೊಡ್ಡದಾಗಿತ್ತು. ಅವಳು ಹೊಸ ಕೌಂಟರಿನ ಹಿಂದೆ ಕೂತಿದ್ದಳು.

“ಅವತ್ತು ಹೇಳಿದ್ದೆಲ್ಲ ಸುಳ್ಳು ಕಣೇ. ಒಂದೊಂದು ಮಾತೂ ಸುಳ್ಳು. ನಿನ್ನನ್ನ ಪ್ರೀತಿಸ್ತೀನಿ.”

“ಗೊತ್ತಾಯ್ತು. ಅವತ್ತು ಮನೆಗೆ ಹೋಗೋ ದಾರೀಲೇ ಗೊತ್ತಾಯ್ತು.”

“ಮತ್ತೆ?”

“ನಾನು ಪ್ರಮಾಣ ಮಾಡಿ ‘ಬೇಡ’ ಅಂದೆನಲ್ಲ, ಅದು ನಿಜ ಆಗಿರಲಿಲ್ಲ. ನನ್ನ ಬಾಯಲ್ಲಿ ಬಂದ ಮೊದಲನೇ ಸುಳ್ಳು. ನಿದ್ದೆ ಬರ್ತಿರಲಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಅದನ್ನ ನಿಜ ಮಾಡೋಕೆ ತುಂಬಾ ಕಷ್ಟಪಟ್ಟೆ. ದಿನಾ ಸ್ವಲ್ಪ ಸ್ವಲ್ಪ. ಈಗ ಆಯ್ತು.”

ಕೌಂಟರಿನ ಮೇಲೆ ಫೋನ್ ಬಡಿದುಕೊಂಡಿತು. ಎತ್ತಿಕೊಂಡಳು.

“ಹೇಳಿ, ಹೊಸ ಕನೆಕ್ಷನ್ ಬೇಕಿತ್ತಾ?”

ದನಿ ನಡುಗಬಹುದೆಂದು ಕಾದು ನಿಂತೆ. ನಡುಗಲಿಲ್ಲ.